ಓದುಗರ ಪ್ರಶ್ನೆ: ‘ಟ್ರಯಲ್‌ಗೆ ಸೇರಿಸ್ತೇವೆ, ಎರಡು ಲಕ್ಷ ಕಟ್ಟಿ’ ಅಂದರೆ?

ಕರುಳಿನ ದೀರ್ಘಕಾಲದ ಉರಿಯೂತ, ಅಂದರೆ ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಇರುವವರಿಂದ, ಅವರ ಮನೆಯವರಿಂದ ಬಂದ ಐದು ಪತ್ರಗಳಿಗೆ ಈ ಸಲ ಉತ್ತರ. ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮಾಣಿಗೆ 24 ವರ್ಷ. ನಾಲ್ಕು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್. ಮೆಸಲಮೀನ್ ಮಾತ್ರೆ ದಿನಕ್ಕೆ 1.2 ಗ್ರಾಂ ತಗೊಳ್ತಾನೆ. ವರ್ಷಕ್ಕೆ ಎರಡು ಮೂರು ಸಲ ರಕ್ತ ಬೀಳುತ್ತದೆ, ಆಗೆಲ್ಲ ಸ್ಟೆರಾಯ್ಡ್. ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯ ವಿಡಿಯೋ ನೋಡಿದೆವು. ಅವನ ತಮ್ಮನ ಮಲದಿಂದ ಮನೆಯಲ್ಲೇ ಎನಿಮಾ ಕೊಡಬಹುದೆ? (ಸಿರ್ಸಿ)

ಉತ್ತರ: ಮನೆಯಲ್ಲಿ ಖಂಡಿತ ಬೇಡ. ಹಾಗೆಂದು ಈ ಚಿಕಿತ್ಸೆಯೇ ಬುರುಡೆ ಎಂದುಕೊಳ್ಳಬೇಡಿ. ‘ಮಲ ಕಸಿ’ಯ ಮೇಲೆ ಗಂಭೀರ ಪ್ರಯೋಗಗಳಾಗಿವೆ. 2015ರಲ್ಲಿ ಕೆನಡಾದಲ್ಲಿ ವಾರಕ್ಕೊಂದರಂತೆ ಆರು ವಾರ 50 ಮಿಲಿ ಎನಿಮಾ ಕೊಟ್ಟಾಗ 24% ಜನರ ಕಾಯಿಲೆ ತಹಬಂದಿಗೆ ಬಂತು. ಬರೀ ನೀರಿನ ಎನಿಮಾ ಪಡೆದವರಲ್ಲಿ ಅದು 5%. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ವಾರಕ್ಕೆ ಐದು ದಿನದಂತೆ ಎಂಟು ವಾರ ಕೊಟ್ಟರು. ಅಲ್ಲಿ 27%ಕ್ಕೆ ಎದುರು 8%. ಅಂದರೆ ಕೆಲವರಿಗೆ ಗುಣ ನಿಜ, ಆದರೆ ನಾಲ್ವರಲ್ಲಿ ಮೂವರಿಗೆ ಇಲ್ಲ. ಕೆನಡಾದಲ್ಲಿ ಗುಣ ಕಂಡವರಲ್ಲಿ ಹೆಚ್ಚಿನವರು ಒಬ್ಬನೇ ದಾನಿಯ ಮಲ ಪಡೆದವರಾಗಿದ್ದರು. ಯಾರ ಮಲ ಯಾರಿಗೆ ಹಿಡಿಸುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ.

ತಮ್ಮ ಗಟ್ಟಿಮುಟ್ಟಾಗಿದ್ದಾನೆ ಎಂಬುದು ಸಾಲದು. ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಜಂತು, ಅಮೀಬಾ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ, ಇಷ್ಟಕ್ಕೂ ಪರೀಕ್ಷೆ ಆಗಬೇಕು. 2019ರಲ್ಲಿ ಅಮೆರಿಕದಲ್ಲಿ ಈ ಕೊನೆಯದನ್ನು ಪರೀಕ್ಷಿಸದ ದಾನಿಯಿಂದ ಇಬ್ಬರಿಗೆ ಸೋಂಕು ತಗುಲಿ ಒಬ್ಬರು ಸತ್ತರು. ಅದು ನಡೆದದ್ದು ಆಸ್ಪತ್ರೆಯ ಪ್ರಯೋಗದಲ್ಲೇ. ಹುಣ್ಣಾದ ಕರುಳು, ಮೇಲಿಂದ ಸ್ಟೆರಾಯ್ಡ್, ಅದರ ಮೇಲೆ ಅಡುಗೆಮನೆಯ ಮಿಕ್ಸಿ ಎಂದರೆ ಹೆದರಿಕೆಯ ಮಾತೇ.

ನಿಮ್ಮ ಪತ್ರದಲ್ಲಿ ನಮಗೆ ಹೆಚ್ಚು ಕಣ್ಣಿಗೆ ಬಿದ್ದದ್ದು ಮಲ ಕಸಿಯಲ್ಲ, ಆ 1.2 ಗ್ರಾಂ. ಕಾಯಿಲೆ ಕೆರಳಿದಾಗ ಮೆಸಲಮೀನ್ ದಿನಕ್ಕೆ 2.4ರಿಂದ 4.8 ಗ್ರಾಂ ಬೇಕಾಗುತ್ತದೆ. ಜೊತೆಗೆ ರಾತ್ರಿ ಇದೇ ಔಷಧದ 4 ಗ್ರಾಂ ಎನಿಮಾ ಸೇರಿದರೆ ಬರೀ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎನಿಮಾ ನಿಲ್ಲುವುದಿಲ್ಲ ಎಂದು ಎಷ್ಟೋ ಜನ ಎರಡೇ ದಿನಕ್ಕೆ ಬಿಡುತ್ತಾರೆ. ಮೊದಲು ಶೌಚಕ್ಕೆ ಹೋಗಿ ಬರಬೇಕು. ಬಾಟಲಿಯನ್ನು ಕೈಯಲ್ಲಿ ಹಿಡಿದು ಮೈಬಿಸಿಗೆ ತಂದು, ಎಡಮಗ್ಗುಲಾಗಿ ಮಲಗಿ, ಬಲಮಂಡಿ ಮಡಚಿ, ನಿಧಾನಕ್ಕೆ ಒತ್ತಬೇಕು. ಒಮ್ಮೆಲೇ ಒತ್ತಿದರೆ ಕರುಳು ಹಿಂಡಿ ಹೊರಗೆ ತಳ್ಳುತ್ತದೆ. ಮೊದಲ ವಾರ ಅರ್ಧ ಗಂಟೆ ನಿಂತರೂ ಸಾಕು, ಉರಿಯೂತ ಇಳಿದಂತೆ ರಾತ್ರಿಯಿಡೀ ನಿಲ್ಲುತ್ತದೆ.

ರಕ್ತ ಬಿದ್ದಾಗೆಲ್ಲ ಸ್ಟೆರಾಯ್ಡ್ ಶುರು ಮಾಡುವ ಮುಂಚೆ ಮಲದಲ್ಲಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇದೆಯೆ ಎಂದು ನೋಡಿಸಿ. ಇಷ್ಟೆಲ್ಲ ಮಾಡಿಯೂ ವರ್ಷಕ್ಕೆ ಎರಡು ಸಲ ಸ್ಟೆರಾಯ್ಡ್ ಬೇಕಾದರೆ ಮುಂದಿನ ಮೆಟ್ಟಿಲು ಹತ್ತುವ ಹೊತ್ತಾಯಿತು: ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ, ಅಥವಾ ಬಯಾಲಾಜಿಕ್ (ಜೀವಕೋಶಗಳಲ್ಲಿ ತಯಾರಿಸಿದ ಔಷಧದ) ಇಂಜೆಕ್ಷನ್. ಅಜಥಯೋಪ್ರಿನ್ ಶುರು ಮಾಡುವಾಗ ನುಡ್ಟ್15 ಎಂಬ ಜೀನ್ ಪರೀಕ್ಷೆ ಕೇಳಿ. ಆ ಜೀನಿನಲ್ಲಿ ವ್ಯತ್ಯಾಸ ಇರುವವರು ನಮ್ಮ ದೇಶದಲ್ಲಿ ಕಡಿಮೆಯಲ್ಲ. ಅವರಿಗೆ ಬಿಳಿ ರಕ್ತಕಣ ಥಟ್ಟನೆ ಕುಸಿಯುತ್ತದೆ. ಮೊದಲ ಕೆಲವೇ ವಾರಗಳಲ್ಲಿ ತಲೆಕೂದಲು ಉದುರಿದರೆ ಅದೇ ಎಚ್ಚರಿಕೆ. ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ ಕ್ರೋನ್ಸ್, ಗುದದ್ವಾರದ ಪಕ್ಕ ಫಿಸ್ಟುಲಾ (ಕೀವು ಸೋರುವ ಕಿಂಡಿ). ದೊಡ್ಡ ಶಹರದ ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಟ್ರಯಲ್‌ಗೆ ಸೇರಿಸ್ತೇವೆ, ಎರಡು ಲಕ್ಷ ಕಟ್ಟಿ ಅಂತಾರೆ. ಗದ್ದೆ ಅಡ ಇಟ್ಟು ಹೋಗಲೇ? (ಅಂಕೋಲಾ)

ಉತ್ತರ: ಗದ್ದೆ ಹಾಗೇ ಇರಲಿ. ಪ್ರಯೋಗದ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವು ಬಿಟ್ಟರೆ ಬೇರೆ ಯಾವ ಸ್ಟೆಮ್ ಸೆಲ್ ಬಳಕೆಯೂ ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಸಲ್ಲದು.

ಫಿಸ್ಟುಲಾಕ್ಕೆ ಸ್ಟೆಮ್ ಸೆಲ್ ಎಂಬ ಆಸೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಡಾರ್ವಾಡ್‌ಸ್ಟ್ರೋಸೆಲ್ ಎಂಬ, ಕೊಬ್ಬಿನಿಂದ ತೆಗೆದ ಜೀವಕೋಶಗಳ ಚಿಕಿತ್ಸೆಗೆ 2018ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಹುಸಿ ಚಿಕಿತ್ಸೆಗಿಂತ ಮೇಲು ಎಂದು ಕಾಣಲಿಲ್ಲ, 2024ರ ಕೊನೆಗೆ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಒಪ್ಪಿಗೆ ಪಡೆದದ್ದರ ಪಾಡೇ ಹೀಗಿದ್ದ ಮೇಲೆ ಕ್ಲಿನಿಕ್ಕಿನ ಸೀಸೆಯಲ್ಲಿ ಏನಿದೆ ಎಂದು ಯಾರು ಹೇಳಬೇಕು?

ನಿಜವಾದ ಟ್ರಯಲ್ ಗುರುತಿಸುವುದು ಕಷ್ಟವಲ್ಲ. 2009ರ ಜೂನ್ 15ರಿಂದ ನಮ್ಮ ದೇಶದ ಪ್ರತಿ ಔಷಧ ಪ್ರಯೋಗವೂ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಲೇಬೇಕು. ‘ಸಿಟಿಆರ್‌ಐ’ ಅಂತ ಶುರುವಾಗಿ ವರ್ಷ, ತಿಂಗಳು, ಕೊನೆಗೆ ಆರಂಕಿ ಇರುವ ನಂಬರು ಕೇಳಿ. ಅದರ ಜಾಲತಾಣದಲ್ಲಿ ಆ ನಂಬರು ಹಾಕಿದರೆ ಯಾವ ಆಸ್ಪತ್ರೆ, ಯಾವ ವೈದ್ಯರು, ಎಷ್ಟು ರೋಗಿಗಳು, ಸೇರ್ಪಡೆ ಇನ್ನೂ ತೆರೆದಿದೆಯೆ ಎಲ್ಲ ಬರುತ್ತದೆ. ಕ್ಲಿನಿಕ್ಕಿನ ಹೆಸರು ಆ ಪಟ್ಟಿಯಲ್ಲಿರಬೇಕು. ಬೇರೆಯವರ ನಂಬರು ತೋರಿಸುವವರೂ ಇದ್ದಾರೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಒಂದು ಪ್ರತಿ ನಿಮ್ಮ ಕೈಯಲ್ಲಿ ಉಳಿಯಬೇಕು. ಔಷಧ ಪ್ರಯೋಗಗಳ ಬಗೆಗಿನ 2019ರ ಸರ್ಕಾರಿ ನಿಯಮಗಳಂತೆ ಪ್ರಯೋಗದಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ, ಪರಿಹಾರ ಎರಡೂ ನಿಮ್ಮ ಹಕ್ಕು. ಯಾವಾಗ ಬೇಕಾದರೂ ಹೊರಬರಬಹುದು. ಹೋಗಿಬರುವ ಖರ್ಚು ಯಾರದ್ದೆಂದು ಬರೆಸಿಕೊಳ್ಳಿ: ಅಂಕೋಲಾದಿಂದ ಮಣಿಪಾಲಕ್ಕೋ ಬೆಂಗಳೂರಿಗೋ ವರ್ಷದಲ್ಲಿ ಹತ್ತಾರು ಸಲ ಓಡಾಡುವುದು ಸಣ್ಣ ಲೆಕ್ಕವಲ್ಲ.

ಬಾಗಿಲು ತಟ್ಟಿದವರನ್ನೆಲ್ಲ ಟ್ರಯಲ್ ಒಳಗೆ ಬಿಡುವುದಿಲ್ಲ. ಕಾಯಿಲೆ ತೀರಾ ಸೌಮ್ಯವಿದ್ದರೆ ಇಲ್ಲ, ಒಳಗೆ ಕೀವು ತುಂಬಿದ್ದರೆ ಇಲ್ಲ, ಕ್ಷಯ ಇದ್ದರಂತೂ ಇಲ್ಲ. ಕರುಳಿನ ಕ್ಷಯ ಕೊಲೊನೋಸ್ಕೋಪಿಯಲ್ಲಿ ಕ್ರೋನ್ಸ್‌ನಂತೆಯೇ ಕಾಣುತ್ತದೆ, ಎರಡಕ್ಕೂ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗವೇ ಇಷ್ಟ. ನಿಮ್ಮ ಬಯಾಪ್ಸಿ ವರದಿಯನ್ನು ಕರುಳುರೋಗ ತಜ್ಞರಿಗೆ ಇನ್ನೊಮ್ಮೆ ತೋರಿಸಿ. ಫಿಸ್ಟುಲಾಕ್ಕೆ ಮಾಮೂಲು ದಾರಿ ಮುಗಿದಿದೆಯೆ ಎಂದೂ ನೋಡಿ: ಎಂಆರ್‌ಐ, ಕೀವು ಹರಿದುಹೋಗಲು ಸೀಟನ್ ದಾರ, ಆಮೇಲೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಬಯಾಲಾಜಿಕ್, ದೇಹತೂಕದ ಕಿಲೋಗೆ 5 ಮಿ.ಗ್ರಾಂ, ಮೊದಲ ದಿನ, 2ನೇ ವಾರ, 6ನೇ ವಾರ, ಮುಂದೆ ಎಂಟು ವಾರಕ್ಕೊಮ್ಮೆ. ಕೀವು ಹೊರಹೋಗದೆ ಇದನ್ನು ಕೊಟ್ಟರೆ ಸೋಂಕು ಮೈಯೆಲ್ಲ ಹರಡಬಹುದು.

ಪ್ರಶ್ನೆ: ಅರಿಶಿನದಿಂದ ಕೊಲೈಟಿಸ್ ಗುಣ ಎಂದು ಸಂಶೋಧನೆ ಹೇಳಿದೆಯಂತೆ. ಅಜ್ಜಿ ಕೊಡಸಿಗೆ ಚಕ್ಕೆಯ ಕಷಾಯವನ್ನೂ ಕೊಡುತ್ತಾರೆ. ಮಾತ್ರೆ ಬಿಡಬಹುದೆ? (ಹೊನ್ನಾವರ)

ಉತ್ತರ: ಮಾತ್ರೆ ಬಿಡಬೇಡಿ. ನೀವು ಕೇಳಿದ ಸಂಶೋಧನೆ 2015ರ ಒಂದು ಪ್ರಯೋಗ. ಅದರಲ್ಲಿ 50 ರೋಗಿಗಳಿದ್ದರು, ಅವಧಿ ಒಂದು ತಿಂಗಳು. ಕೊಟ್ಟದ್ದು ಅರಿಶಿನವಲ್ಲ, ಅದರ ಸಾರವಾದ ಕರ್ಕ್ಯುಮಿನ್, ದಿನಕ್ಕೆ 3 ಗ್ರಾಂ. ಅದೂ ಮೆಸಲಮೀನ್ ಜೊತೆಗೆ. ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು. 3 ಗ್ರಾಂ ಬೇಕೆಂದರೆ ದಿನಾ ನೂರು ಗ್ರಾಂ ಅರಿಶಿನ ತಿನ್ನಬೇಕು! ಕಾಳುಮೆಣಸಿನ ಸಾರ ಬೆರೆಸಿದ ಕರ್ಕ್ಯುಮಿನ್ ಗುಳಿಗೆಗಳಿಂದ ಯಕೃತ್ತು ಕೆಟ್ಟ ಉದಾಹರಣೆಗಳಿವೆ, ನುಂಗುವುದಿದ್ದರೆ ವೈದ್ಯರಿಗೆ ಹೇಳಿಯೇ ನುಂಗಿ.

ಕೊಡಸಿಗೆ ಹಳೆಯ ಭೇದಿ ಮದ್ದು. ಆದರೆ ಭೇದಿ ಕಟ್ಟುವುದು ಬೇರೆ, ಹುಣ್ಣು ಮಾಯುವುದು ಬೇರೆ. ದಿನಕ್ಕೆ ಆರಕ್ಕೂ ಹೆಚ್ಚು ಸಲ ರಕ್ತಭೇದಿ, ಜ್ವರ, ಹೊಟ್ಟೆ ಉಬ್ಬರ ಇದ್ದರೆ ಯಾವ ಭೇದಿ ಕಟ್ಟುವ ಮದ್ದೂ ಬೇಡ, ನೇರ ಆಸ್ಪತ್ರೆಗೆ. ಕೊಡಸನ ಹೂವಿನ ತಂಬುಳಿ ಊಟಕ್ಕೆ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ.

ಪ್ರಶ್ನೆ: ಜಂತುಹುಳದ ಮೊಟ್ಟೆ ಕುಡಿದರೆ ಕ್ರೋನ್ಸ್ ವಾಸಿಯೆ? (ಭಟ್ಕಳ)

ಉತ್ತರ: ಹಂದಿಯ ಚಾವಟಿ ಹುಳದ 2,500 ಮೊಟ್ಟೆ ಎರಡು ಮೂರು ವಾರಕ್ಕೊಮ್ಮೆ ಕೊಟ್ಟ ಸಣ್ಣ ಪ್ರಯೋಗಗಳು 2005ರ ಹೊತ್ತಿಗೆ ಆಸೆ ಹುಟ್ಟಿಸಿದ್ದವು. ದೊಡ್ಡ ಪ್ರಯೋಗಗಳು 2013ರಲ್ಲಿ ಬಿದ್ದುಹೋದವು. ಊರಿನ ಕೊಕ್ಕೆಹುಳ ಅಂತೂ ರಕ್ತವನ್ನೇ ಹೀರುತ್ತದೆ.

ಪ್ರಶ್ನೆ: ಹೆಂಡತಿಗೆ ಅಡಾಲಿಮ್ಯಾಬ್ ಎಂಬ ಬಯಾಲಾಜಿಕ್ ಇಂಜೆಕ್ಷನ್ ಬರೆದಿದ್ದಾರೆ. ಬಯೋಸಿಮಿಲರ್ ಅಂದರೆ ಎರಡನೇ ದರ್ಜೆಯದೆ? ಗೋವಾದಿಂದ ತರುವಾಗ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಏನು ಮಾಡುವುದು? (ಕಾರವಾರ)

ಉತ್ತರ: ಬಯೋಸಿಮಿಲರ್ ಎಂದರೆ ಮೂಲ ಬಯಾಲಾಜಿಕ್ ಔಷಧವನ್ನು ಹೋಲುವಂತೆ ಬೇರೆ ಕಂಪನಿ ಮಾಡಿದ್ದು. ಎರಡನೇ ದರ್ಜೆಯದಲ್ಲ, ಕೆಲಸ ಅದೇ, ಬೆಲೆ ಕಡಿಮೆ. ಮೊದಲು 160 ಮಿ.ಗ್ರಾಂ, ಎರಡು ವಾರಕ್ಕೆ 80, ಆಮೇಲೆ ಎರಡು ವಾರಕ್ಕೊಮ್ಮೆ 40. ಶುರುವಿಗೆ ಮುಂಚೆ ಎದೆಯ ಎಕ್ಸ್‌ರೇ, ಅಡಗಿದ ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಅಡಗಿದ ಕ್ಷಯ ಸಿಕ್ಕರೆ ಅದರ ಮಾತ್ರೆ ಸುಮಾರು ಒಂದು ತಿಂಗಳು ಮೊದಲೇ ಶುರುವಾಗಬೇಕು.

ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಮೀನಿನ ಪೆಟ್ಟಿಗೆಯಂತೆ ಮೇಲೆ ಕೆಳಗೆ ಮಂಜುಗಡ್ಡೆ ಸುರಿದು ತಂದರೆ ಕೆಡುವುದು ಇದೇ ಕಾರಣಕ್ಕೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕ್ ಇಟ್ಟು, ನಡುವೆ ದಪ್ಪ ಬಟ್ಟೆ ಹಾಸಿ, ಔಷಧದ ಡಬ್ಬ ಇಡಿ. ಮನೆಯಲ್ಲಿ ಫ್ರಿಜ್‌ನ ಬಾಗಿಲಲ್ಲೂ ಬೇಡ, ಹಿಂಬದಿಯ ಗೋಡೆಗೆ ತಾಗಿಸಿಯೂ ಬೇಡ, ನಡುವಿನ ತಟ್ಟೆಯಲ್ಲಿರಲಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ, ಅದಕ್ಕೂ ಮೀರಿದರೆ ಡಬ್ಬವನ್ನು ಥರ್ಮೋಕೋಲ್ ಪೆಟ್ಟಿಗೆಗೆ ಸಾಗಿಸಿ. ಹೊರಗೆ ಎಷ್ಟು ದಿನ ತಾಳುತ್ತದೆ ಎಂಬುದು ಡಬ್ಬದೊಳಗಿನ ಚೀಟಿಯಲ್ಲಿದೆ; ಅದು 25 ಡಿಗ್ರಿಯ ಲೆಕ್ಕ, ಮೇ ತಿಂಗಳ ಕಾರವಾರದ್ದಲ್ಲ. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗಿಡಿ, ಅಲ್ಲಾಡಿಸಬೇಡಿ. ದ್ರವ ಕದಡಿದಂತೆ ಕಂಡರೆ ಚುಚ್ಚಬೇಡಿ, ಔಷಧದಂಗಡಿಗೆ ಬಿಲ್ಲಿನ ಸಮೇತ ಹಿಂತಿರುಗಿಸಿ.