‘ರ‍್ಯಾಟಲ್‌ಸ್ನೇಕ್ಸ್’ ಬಗ್ಗೆ ಬರೆದು ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಪ್ರಬಂಧ ಓದಿದೆ. ಗ್ಲಾಸ್ಗೋದಲ್ಲಿ ಓದುತ್ತಿದ್ದಾಗ ಕೊಂಡ ಕ್ಯಾಸೆಟ್, ಅಲ್ಲಿಯದೇ ಆದ ಲಾಯ್ಡ್ ಕೋಲ್ ಅಂಡ್ ದ ಕಮೋಷನ್ಸ್ ಪಾಪ್ ತಂಡದ ‘ರ‍್ಯಾಟಲ್‌ಸ್ನೇಕ್ಸ್’, ಇವತ್ತಿಗೂ ಬಿಟ್ಟಿಲ್ಲ ಅಂತ ಬರೆದಿದ್ದೀರಿ. ನನಗೂ ಆ ಆಲ್ಬಮ್ ಅಂದರೆ ಪ್ರಾಣ. ಅದಕ್ಕೇ ನೇರವಾಗಿ ಹೇಳುತ್ತೇನೆ: ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಮಾಹಿತಿ. 1984ರ ಅಕ್ಟೋಬರಿನಲ್ಲಿ ಬಂತು, 10 ಹಾಡು, ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 13ನೇ ಸ್ಥಾನ, ನಿರ್ಮಾಪಕ ಪಾಲ್ ಹಾರ್ಡಿಮನ್, ಪಿಟೀಲುಗಳ ಸಂಯೋಜನೆ ಆನ್ ಡಡ್ಲಿ. ಎಲ್ಲ ಸರಿಯೇ. ಆದರೆ ಆಲ್ಬಮ್ ಕೇಳದವರಿಗೆ ಇದರಿಂದ ಏನೂ ಕೇಳಿಸುವುದಿಲ್ಲ. ಶೀರ್ಷಿಕೆ ಹಾಡಿನಲ್ಲಿ ಗಿಟಾರ್ ಚುರುಕಾಗಿ ಓಡುತ್ತಿರುತ್ತದೆ, ಮೇಲಿನಿಂದ ಪಿಟೀಲು ಬೀಸಿಕೊಂಡು ಬರುತ್ತದೆ. ಕೇಳುತ್ತಿರುವುದು ನೋವಿನ ಕಥೆ ಅನ್ನುವುದು ಮರೆತು ಕಾಲು ತಾಳ ಹಾಕುತ್ತದೆ. ಅದನ್ನು ಬರೆಯಿರಿ.

ಹಾಡು ಬರೆದು ಹಾಡುವ ಕೋಲ್ ಎಷ್ಟು ಓದಿಕೊಂಡವರು ಅಂತ ತೋರಿಸಲು ಫ್ರೆಂಚ್ ಲೇಖಕಿ ಸಿಮೋನ್ ದ ಬೋವ, ಅಮೆರಿಕನ್ ಕಾದಂಬರಿಕಾರ ನಾರ್ಮನ್ ಮೇಲರ್, ನಟಿ ಇವಾ ಮರೀ ಸೇಂಟ್ ಅಂತ ಹೆಸರುಗಳನ್ನು ಸಾಲಾಗಿ ಕೊಟ್ಟಿದ್ದೀರಿ. ಹೆಸರು ಹೇಳುವುದು ಯಾರಿಗೂ ಬರುತ್ತದೆ. ಕೋಲ್ ಆ ಹೆಸರುಗಳಿಂದ ಕೆಲಸ ಮಾಡಿಸುತ್ತಾರೆ. ಶೀರ್ಷಿಕೆ ಹಾಡಿನಲ್ಲಿ ಬರುವ, ಜೋಡಿ ಅನ್ನುವ ಹೆಸರಿನ ಹುಡುಗಿಯನ್ನೇ ನೋಡಿ. ಮಳೆ ಬಾರದೆ ದಿನಗಳಾದರೂ ಟೋಪಿ ಹಾಕಿಕೊಂಡಿದ್ದಾಳೆ. ಸುತ್ತ ಇರುವ ವಿಷದ ಹಾವುಗಳ ಕಾಟಕ್ಕೆ ಹುಡುಗಿಯರ ಹತ್ತಿರ ಬಂದೂಕು ಇರಬೇಕು ಅನ್ನುತ್ತಾಳೆ. ‘ಆನ್ ದ ವಾಟರ್‌ಫ್ರಂಟ್’ನ ಇವಾ ಮರೀ ಸೇಂಟ್ ಥರ ಇದ್ದಾಳೆ ಎಂದ ಕೂಡಲೇ 1954ರ ಆ ಕಪ್ಪುಬಿಳುಪು ಚಿತ್ರ ಕಣ್ಣ ಮುಂದೆ ಬರುತ್ತದೆ. ಬಂದರಿನ ಗೂಂಡಾಗಳ ಕೈಯಲ್ಲಿ ಒಡಹುಟ್ಟಿದವನನ್ನು ಕಳೆದುಕೊಂಡ ಹುಡುಗಿ, ಅವಳ ಮುಖ. ಜೋಡಿಯನ್ನು ಇನ್ನು ವರ್ಣಿಸಬೇಕಾಗಿಯೇ ಇಲ್ಲ. ಸಿನಿಮಾ ನೋಡದ ನಮ್ಮ ಓದುಗರಿಗೆ ಆ ಮುಖವನ್ನು ನೀವೇ ತೋರಿಸಬೇಕು, ಅಲ್ವಾ?

ಆಲ್ಬಮ್ ಬಂದಾಗ ಕೋಲ್‌ಗೆ 23 ವರ್ಷ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ, ಇಂಗ್ಲಿಷ್ ಓದಿದವರು. ಓದಿದ್ದನ್ನೆಲ್ಲ ತೋರಿಸಿಕೊಳ್ಳುವ ಆಸೆ ಹಾಡುಗಳಲ್ಲಿ ಎದ್ದು ಕಾಣುತ್ತದೆ. ನೀವು ಅಭಿಮಾನದಿಂದ ಅದನ್ನು ಮುಚ್ಚಿಟ್ಟಿದ್ದೀರಿ. ಬೇಡ. ಆ ವಯಸ್ಸಿನ ಜಂಬ, ಅದರ ಹಿಂದಿನ ಅಳುಕು ಎರಡೂ ಇರುವುದರಿಂದಲೇ ಈ ಹಾಡುಗಳು ಇವತ್ತಿಗೂ ನಿಜ ಅನಿಸುತ್ತವೆ.

ನಿಮ್ಮ ಪ್ರೀತಿಯನ್ನು ಕಾಡ್ಗಿಚ್ಚಿಗೆ ಹೋಲಿಸಿದ ಪ್ಯಾರಾ ತೆಗೆದುಬಿಡಿ. ಇದೊಂದು ಸರಳ ರೂಪಕ ಅಷ್ಟೇ ಅಂತ ‘ಫಾರೆಸ್ಟ್ ಫೈರ್’ ಹಾಡೇ ಒಪ್ಪಿಕೊಳ್ಳುತ್ತದೆ. ಆಮೇಲೆ ಮಾತು ಹಿಂದೆ ಸರಿದು ತಂಡದ ನೀಲ್ ಕ್ಲಾರ್ಕ್ ಅವರ ಗಿಟಾರ್ ಮುಂದೆ ಬರುತ್ತದೆ, ಹಾಡನ್ನು ಕೊನೆವರೆಗೆ ಅದೇ ಒಯ್ಯುತ್ತದೆ. ಮಾತಿಗೆ ಸಿಗದ್ದನ್ನು ಗಿಟಾರಿಗೆ ಬಿಟ್ಟುಕೊಡುವ ಆ ಧೈರ್ಯದ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಐದನೇ ಪುಟದಲ್ಲಿ ಮಾತ್ರ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಶೀರ್ಷಿಕೆ ಹಾಡಿಗೆ ಪ್ರೇರಣೆಯಾದ, ಅಮೆರಿಕನ್ ಲೇಖಕಿ ಜೋನ್ ಡಿಡಿಯನ್ ಅವರ ‘ಪ್ಲೇ ಇಟ್ ಆ್ಯಸ್ ಇಟ್ ಲೇಸ್’ ಕಾದಂಬರಿಯನ್ನು ಲೈಬ್ರರಿಯಿಂದ ತಂದು ಓದಿದೆ ಅಂತ ಒಂದೇ ವಾಕ್ಯ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಇಡೀ ಪ್ರಬಂಧ ಇರುವುದು ಅಲ್ಲೇ! ಕಾದಂಬರಿಯ ನಾಯಕಿ ಗರ್ಭಪಾತ ಮಾಡಿಸಿಕೊಂಡವಳು, ಲಾಸ್ ಏಂಜಲೀಸ್‌ನ ಹೆದ್ದಾರಿಗಳಲ್ಲಿ ಗೊತ್ತುಗುರಿಯಿಲ್ಲದೆ ಕಾರು ಓಡಿಸುವವಳು. ಹಾಡಿನ ಜೋಡಿಯನ್ನೂ ಹೆದ್ದಾರಿಯಲ್ಲಿ ಕಾಡುವುದು ಹುಟ್ಟದೆ ಹೋದ ಮಗು. ಮೊದಲು ಆ ಸಾಲನ್ನು ಕೇಳಿ ಸುಮ್ನೆ ದಾಟಿಹೋಗಿದ್ದಿರಾ? ಪುಸ್ತಕ ಓದಿದ ಮೇಲೆ ಹೇಗೆ ಕೇಳಿಸಿತು? ಈ ವಯಸ್ಸಿನಲ್ಲಿ ಹೇಗೆ ಕೇಳಿಸುತ್ತದೆ? ಕುಣಿಸುವ ಹಾಡೊಂದು ನಿಮ್ಮನ್ನು ಪುಸ್ತಕದ ಕಡೆಗೆ ತಳ್ಳಿತು, ಪುಸ್ತಕ ಹಾಡನ್ನೇ ಬದಲಿಸಿತು. ನಿಮ್ಮ ಪ್ರೀತಿ ಯಾಕೆ ಹಳಸಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ‘ಅದ್ಭುತ’, ‘ಅಮರ’ ಅನ್ನುವ ಮಾತುಗಳಲ್ಲಿ ಇಲ್ಲ.

ಇನ್ನೊಂದು. ಈ ತಂಡವನ್ನು ಜಗತ್ತು ಮರೆತೇಬಿಟ್ಟಿತು ಅಂತ ಕೊರಗಿದ್ದೀರಿ. ಹಾಗೇನಿಲ್ಲ. ಎದೆ ಒಡೆಸಿಕೊಳ್ಳಲು ಸಿದ್ಧವೇ ಅಂತ ಆಲ್ಬಮ್ಮಿನ ಕೊನೆಯ ಹಾಡು ಕೇಳುತ್ತದೆ. ಸಿದ್ಧ ಅಂತ 2006ರಲ್ಲಿ ಗ್ಲಾಸ್ಗೋದ್ದೇ ಆದ ಕ್ಯಾಮೆರಾ ಅಬ್ಸ್‌ಕ್ಯೂರಾ ತಂಡ ಒಂದು ಹಾಡಿನಲ್ಲೇ ಉತ್ತರ ಕೊಟ್ಟಿತು. ಕೊರಗು ತೆಗೆದು ಇದನ್ನು ಸೇರಿಸಿ.

ಐದನೇ ಪುಟದಿಂದ ಶುರುಮಾಡಿ. 10 ಹಾಡುಗಳ ಬಗ್ಗೆಯೂ ಬರೆಯಬೇಕಿಲ್ಲ, ಎರಡು ಮೂರು ಸಾಕು. ಜಾಸ್ತಿ ಉದ್ದ ಬೇಡ, ಈಗಿರುವುದರ ಅರ್ಧಕ್ಕೆ ಇಳಿಸಿ ಕಳಿಸಿ. ಬಂದ ದಿನವೇ ಓದುತ್ತೇನೆ.