ಪೋರ್ಟ್ 443 (ಎಚ್‌ಟಿಟಿಪಿಎಸ್ ಸೈಟ್‌ಗೆ ಸರ್ವರ್‌ನಲ್ಲಿರುವ ಬಾಗಿಲು) ಡೌನ್ ಅಂತ ಅಲರ್ಟ್ ಬರುತ್ತೆ, ಆದರೆ ಸೈಟ್ ತೆರೆದುಕೊಳ್ಳುತ್ತೆ. ಯಾಕೆ?

ಮ್ಯಾನೇಜ್ಡ್ ಸರ್ವರ್‌ನಲ್ಲಿ (ಹೋಸ್ಟಿಂಗ್ ಕಂಪನಿಯೇ ನೋಡಿಕೊಳ್ಳುವ ಸರ್ವರ್) ಪೋರ್ಟ್ ಮಾನಿಟರ್ ಮಾಡೋದು ಇಷ್ಟೇ: ಕೆಲವು ನಿಮಿಷಕ್ಕೊಮ್ಮೆ ಹೊರಗಿನಿಂದ ಆ ಪೋರ್ಟಿಗೆ ಟಿಸಿಪಿ ಕನೆಕ್ಷನ್ ಹಾಕಿ ನೋಡುತ್ತೆ. ಬಾಗಿಲು ಬಡಿದು ವಾಪಸ್ ಬಂದಂತೆ. ಒಳಗೇನಿದೆ ಅಂತ ಇಣುಕಲ್ಲ.

ಅಲರ್ಟ್‌ನಲ್ಲಿ ಮೊದಲು ನೋಡಬೇಕಾದ್ದು ‘ಕನೆಕ್ಷನ್ ರೆಫ್ಯೂಸ್ಡ್’ ಅಂತಿದೆಯೋ ‘ಟೈಮ್ಡ್ ಔಟ್’ ಅಂತಿದೆಯೋ ಅನ್ನೋದು. ರೆಫ್ಯೂಸ್ಡ್ ಅಂದರೆ ಸಾಮಾನ್ಯವಾಗಿ ಅಪಾಚೆ (ವೆಬ್ ಸರ್ವರ್ ಸಾಫ್ಟ್‌ವೇರ್) ನಿಂತುಹೋಗಿದೆ, ಇಲ್ಲವೇ 127.0.0.1ಗೆ (ಸರ್ವರ್‌ನ ಒಳಗಿನಿಂದ ಮಾತ್ರ ಸಿಗುವ ವಿಳಾಸ) ಮಾತ್ರ ಬೈಂಡ್ ಆಗಿದೆ. ಟೈಮ್ಡ್ ಔಟ್ ಅಂದರೆ ಉತ್ತರವೇ ಬಂದಿಲ್ಲ. ನಿಮಗೆ ಸೈಟ್ ತೆರೆಯುತ್ತಿರುವಾಗ ಇದು ಬಂದರೆ, ಫೈರ್‌ವಾಲ್ ಮಾನಿಟರ್‌ನ ಐಪಿಯನ್ನೇ ಬ್ಲಾಕ್ ಮಾಡಿರುವ ಸಾಧ್ಯತೆ ಹೆಚ್ಚು. ಅದೇ ಐಪಿಯಿಂದ ಪದೇಪದೇ ಕನೆಕ್ಷನ್ ಬರೋದರಿಂದ ದಾಳಿ ಅಂದುಕೊಳ್ಳುತ್ತೆ. ಸಪೋರ್ಟ್‌ಗೆ ಟಿಕೆಟ್ ಹಾಕಿ, ಆ ಐಪಿಯನ್ನು ವೈಟ್‌ಲಿಸ್ಟ್ (ಬ್ಲಾಕ್ ಮಾಡಬಾರದ ಪಟ್ಟಿಗೆ ಸೇರ್ಪಡೆ) ಮಾಡಿಸಿ.

ಇನ್ನೊಂದು ಕಾರಣ, ಟೈಮ್‌ಔಟ್ ತೀರಾ ಕಡಿಮೆ ಇಟ್ಟಿರೋದು. ಮೊದಲ ಸಿನ್ ಪ್ಯಾಕೆಟ್ (ಕನೆಕ್ಷನ್ ಕೇಳುವ ಸಂದೇಶ) ಕಳೆದುಹೋದರೆ ಲಿನಕ್ಸ್ 1 ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತೆ, ಅದೂ ಹೋದರೆ ಮತ್ತೆ ಕಾಯುತ್ತೆ. ಹಾಗಾಗಿ 2 ಸೆಕೆಂಡ್ ಟೈಮ್‌ಔಟ್ ಸುಳ್ಳು ಅಲರ್ಟ್‌ಗೆ ಆಹ್ವಾನ. 10 ಸೆಕೆಂಡ್ ಇಡಿ; ಸತತ ಎರಡು ಸಲ ಫೇಲ್ ಆದರೆ ಮಾತ್ರ ಅಲರ್ಟ್ ಬರಲಿ.

ನಿಜವಾದ ತೊಂದರೆ ಇದರ ಉಲ್ಟಾ: ಸೈಟ್ ಕೆಟ್ಟಿದ್ದರೂ ಅಲರ್ಟ್ ಬಾರದಿರೋದು. ಕನೆಕ್ಷನ್ ಒಪ್ಪಿಕೊಳ್ಳೋದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು). ಪಿಎಚ್‌ಪಿ (ಸೈಟ್‌ನ ಪುಟಗಳನ್ನು ತಯಾರಿಸುವ ಸಾಫ್ಟ್‌ವೇರ್) ಪೂರ್ತಿ ಜಾಮ್ ಆಗಿ ಎಲ್ಲರಿಗೂ 500 ಎರರ್ ಬರುತ್ತಿದ್ದರೂ ಪೋರ್ಟ್ ಹಸಿರಾಗೇ ಇರುತ್ತೆ. ಆದ್ದರಿಂದ ಹೋಮ್ ಪೇಜ್‌ನಲ್ಲಿರುವ ಒಂದು ಪದವನ್ನು ಹುಡುಕುವ ಎಚ್‌ಟಿಟಿಪಿ ಚೆಕ್ ಕೂಡ ಹಾಕಿ. ಹಾಗಂತ ಮಾನಿಟರ್ ಮಾಡೋಕೆ ಅಂತ 3306 (ಮೈಎಸ್‌ಕ್ಯೂಎಲ್ ಡೇಟಾಬೇಸ್) ಪೋರ್ಟನ್ನು ಹೊರಗೆ ತೆರೆಯಬೇಡಿ.