ಗೋಧಿ ಬಣ್ಣಕ್ಕೆ ಯಾವ ಪೌಡರ್ ಬ್ರಾಂಜರ್? ಮೊದಲು ವಾಚ್ ಕಟ್ಟುವ ಜಾಗ ನೋಡಿಕೊಳ್ಳಿ

ನಿಮ್ಮ ಪ್ರಶ್ನೆ ಇದು ತಾನೇ: ನಿಮ್ಮದು ಗೋಧಿ ಬಣ್ಣ, ಆನ್‌ಲೈನ್‌ನಲ್ಲಿ ತರಿಸಿದ ಒಂದು ಪೌಡರ್ ಬ್ರಾಂಜರ್ ಮುಖದ ಮೇಲೆ ಕಿತ್ತಳೆ ಹೊಡೆಯುತ್ತಿದೆ, ಇನ್ನೊಂದು ಬೂದಿ ಮೆತ್ತಿದ ಹಾಗೆ ಕಾಣುತ್ತಿದೆ. ನಿಮಗಿಂತ ಕಪ್ಪಗಿರುವ ತಂಗಿಗೂ ಒಂದು ಬೇಕು, ಯಾವ ಬ್ರ್ಯಾಂಡ್ ಅಂತಲೂ ಹೇಳಬೇಕು. ಅಂಡರ್‌ಟೋನ್ (ಚರ್ಮದ ಒಳಗಿನಿಂದ ಕಾಣುವ ಛಾಯೆ) ನೋಡಿ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ನೋಡುವುದು ಹೇಗೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಮದುವೆ ಮೇಕಪ್ ಮಾಡುವವಳು, ಇದನ್ನೇ ದಿನಾ ನೋಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು ನಿಮ್ಮ ಮಣಿಕಟ್ಟು ನೋಡಿಕೊಳ್ಳಿ. ವಾಚ್ ಕಟ್ಟಿ ಕಟ್ಟಿ ಅಲ್ಲೊಂದು ತಿಳಿ ಪಟ್ಟಿ ಉಳಿದಿರುತ್ತದಲ್ಲ, ಅದರ ಒಳಗಿರುವುದು ನಿಮ್ಮ ಮೂಲ ಬಣ್ಣ, ಪಕ್ಕದಲ್ಲಿರುವುದು ಬಿಸಿಲು ತಿಂದ ಬಣ್ಣ. ಆ ಎರಡನೆಯದೇ ನಿಮ್ಮ ಬ್ರಾಂಜರ್ ಬಣ್ಣ. ವಾಚ್ ಅಭ್ಯಾಸ ಇಲ್ಲದಿದ್ದರೆ ಬ್ಲೌಸ್ ತೋಳು ಮುಗಿಯುವ ಗೆರೆ, ಇಲ್ಲವೇ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ನೋಡಿ. ಬ್ರಾಂಜರ್ ಮಾಡಬೇಕಾದ ಕೆಲಸವೇ ಮುಖಕ್ಕೆ ಹದವಾಗಿ ಬಿಸಿಲು ತಾಗಿದ ಹಾಗೆ ಕಾಣಿಸುವುದು. ಬಿಸಿಲಿಗೆ ಎಲ್ಲರ ಚರ್ಮವೂ ಒಂದೇ ಬಣ್ಣಕ್ಕೆ ತಿರುಗುವುದಿಲ್ಲ. ಕೆಲವರು ಜೇನು ಬಣ್ಣಕ್ಕೆ ಬರುತ್ತಾರೆ, ಕೆಲವರು ಕೆಂಚಗಾಗುತ್ತಾರೆ, ಇನ್ನು ಕೆಲವರ ಚರ್ಮ ಒಂದು ಥರಾ ಹಸಿರು ಬೆರೆತ ಕಂದಾಗುತ್ತದೆ. ಕ್ವಿಜ್ ಆಡಿ ಅಂಡರ್‌ಟೋನ್ ಹುಡುಕುವುದಕ್ಕಿಂತ ನಿಮ್ಮ ಕೈಯನ್ನೇ ನಂಬುವುದು ಒಳ್ಳೆಯದು. ಒಂದು ಎಚ್ಚರ ಮಾತ್ರ ಬೇಕು: ದಿನಾ ಸ್ಕೂಟರ್ ಓಡಿಸುವವರ ಕೈ ಮುಖಕ್ಕಿಂತ ತುಂಬಾ ಕಪ್ಪಾಗಿರುತ್ತದೆ. ಆಗ ಬಣ್ಣದ ಜಾತಿಯನ್ನು ಕೈಯಿಂದ ತಿಳಿದುಕೊಳ್ಳಿ, ಆದರೆ ಪೌಡರ್ ಕೆನ್ನೆಗಿಂತ ಒಂದು, ಹೆಚ್ಚೆಂದರೆ ಎರಡು ಶೇಡ್ ಮಾತ್ರ ಗಾಢ ಇರಲಿ.

ನರದ ಪರೀಕ್ಷೆ ನೀವೂ ಮಾಡಿರುತ್ತೀರಿ. ಮಣಿಕಟ್ಟಿನ ನರ ಹಸಿರಾಗಿದ್ದರೆ ವಾರ್ಮ್ (ಹಳದಿ ಕಡೆಯ ಚರ್ಮ), ನೀಲಿಯಾಗಿದ್ದರೆ ಕೂಲ್ (ಗುಲಾಬಿ ಕಡೆಯದು) ಅಂತಾರೆ. ನಮ್ಮ ಕಂದು ಚರ್ಮದಲ್ಲಿ ಇದನ್ನು ನಂಬಲು ಆಗುವುದಿಲ್ಲ. ನರ ಕಾಣುವುದು ಮೇಲಿನ ಮೆಲನಿನ್ ಮೂಲಕ, ಹಾಗಾಗಿ ನಮ್ಮಲ್ಲಿ ಬಹಳ ಜನರಿಗೆ ಹಸಿರೇ ಕಾಣುತ್ತದೆ, ಇನ್ನೂ ಗಾಢ ಬಣ್ಣದವರಿಗೆ ನರವೇ ಕಾಣುವುದಿಲ್ಲ. ಚಿನ್ನ ಒಪ್ಪುತ್ತದಾ ಬೆಳ್ಳಿ ಒಪ್ಪುತ್ತದಾ ಅನ್ನುವುದೂ ಅಷ್ಟೇ. ಚಿಕ್ಕಂದಿನಿಂದ ಚಿನ್ನ ನೋಡಿ ಬೆಳೆದ ಕಣ್ಣು ನಮ್ಮದು, ಎಲ್ಲರಿಗೂ ಚಿನ್ನವೇ ಚೆಂದ ಕಾಣುತ್ತದೆ. ಅದರ ಬದಲು ಮುಖ ತೊಳೆದು, ಉಜ್ಜಿದ ಕೆಂಪು ಇಳಿದ ಮೇಲೆ ಕಿಟಕಿ ಹತ್ತಿರ ನಿಂತು ಒಂದು ಬಿಳಿ ಹಾಳೆಯನ್ನು ಕತ್ತಿನ ಪಕ್ಕ ಹಿಡಿದು ನೋಡಿ. ಕೆನ್ನೆ ಬೇಡ, ಕತ್ತು. ಮುಖದಲ್ಲಿ ಕಲೆ, ಮೊಡವೆ ಗುರುತು, ಬಾಯಿ ಸುತ್ತಲಿನ ಕಪ್ಪು ಎಲ್ಲಾ ಸೇರಿ ದಾರಿ ತಪ್ಪಿಸುತ್ತವೆ. ಹಾಳೆಯ ಪಕ್ಕ ಕತ್ತು ಹಳದಿ ಕಾಣುತ್ತದಾ, ಗುಲಾಬಿ ಅಥವಾ ಕೆಂಪಾಗಿ ಕಾಣುತ್ತದಾ, ಬೂದು ಹಸಿರಾಗಿ ಕಾಣುತ್ತದಾ, ಅಷ್ಟು ನೋಡಿ. ಯಾವುದೂ ಎದ್ದು ಕಾಣದಿದ್ದರೆ ನೀವು ನ್ಯೂಟ್ರಲ್.

ಈಗ ಆ ಕಿತ್ತಳೆ ಮತ್ತು ಬೂದಿಯ ವಿಷಯ. ಪೌಡರ್ ಬ್ರಾಂಜರ್‌ನ ಬಣ್ಣ ಮುಖ್ಯವಾಗಿ ಬರುವುದು ಐರನ್ ಆಕ್ಸೈಡ್‌ಗಳಿಂದ, ಅಂದರೆ ಕಬ್ಬಿಣದ ಬಣ್ಣಗಳಿಂದ. ಡಬ್ಬಿ ಹಿಂದೆ ಸಿಐ (ಬಣ್ಣಗಳ ಗುರುತಿನ ನಂಬರ್) 77491 ಅಂತಿದ್ದರೆ ಕೆಂಪು, 77492 ಹಳದಿ, 77499 ಕಪ್ಪು. ಜೊತೆಗೆ 77891 ಅಂದರೆ ಟೈಟಾನಿಯಂ ಡೈಆಕ್ಸೈಡ್, ಅದು ಬಿಳಿ. ಕೆಂಪು ಹಳದಿ ಜಾಸ್ತಿಯಾಗಿ ಕಪ್ಪು ಸಾಲದಿದ್ದರೆ ಪೌಡರ್ ಕಿತ್ತಳೆಗೆ ತಿರುಗುತ್ತದೆ. ಬಿಳಿ ಜಾಸ್ತಿಯಾದರೆ ಬೆಳ್ಳಗಿರುವವರ ಮುಖದಲ್ಲಿ ಗೊತ್ತಾಗದೇ ಹೋಗಬಹುದು, ನಮ್ಮ ಮುಖದಲ್ಲಿ ಬೂದಿಯಾಗಿ ಕೂರುತ್ತದೆ. ನಿಮ್ಮ ಎರಡೂ ಡಬ್ಬಿಗಳ ಕಥೆ ಇಷ್ಟೇ ಇರಬೇಕು. ಆದರೆ ಈ ನಂಬರ್ ಓದಿ ಶೇಡ್ ಆರಿಸಲು ಹೋಗಬೇಡಿ. 'ಮೇ ಕಂಟೇನ್', ಅಂದರೆ 'ಇರಬಹುದು' ಅಂತ ಹಾಕಿರುವ ಭಾಗದಲ್ಲಿ ಎಲ್ಲಾ ಶೇಡ್‌ಗಳ ಬಣ್ಣವನ್ನೂ ಒಟ್ಟಿಗೆ ಬರೆದಿರುತ್ತಾರೆ, ನಿಮ್ಮ ಡಬ್ಬಿಯಲ್ಲಿ ಯಾವುದು ಎಷ್ಟಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಬೆರಳಿಗೆ ತೆಗೆದು ತೆಳ್ಳಗೆ ಎಳೆದು ನೋಡಬೇಕು. ದಪ್ಪ ಗೀಟು ಎಳೆದರೆ ಎಲ್ಲಾ ಬ್ರಾಂಜರ್ ಕಂದಾಗಿಯೇ ಕಾಣುತ್ತವೆ. ಅದನ್ನು ಇನ್ನೊಂದು ಬೆರಳಿಂದ ಹರಡಿ, ಹೆಚ್ಚುಕಮ್ಮಿ ಮಾಯವಾಗುವಷ್ಟು ತೆಳ್ಳಗಾದಾಗ ಅಂಚಿನಲ್ಲಿ ಉಳಿಯುವ ಬಣ್ಣವಿದೆಯಲ್ಲ, ಕೆಂಪೋ ಹಳದಿಯೋ ಬೂದಿಯೋ, ಅದೇ ಅದರ ನಿಜವಾದ ಬಣ್ಣ.

ಕತ್ತು ಹಳದಿ ಅಥವಾ ಬಂಗಾರದ ಕಡೆ ಇದ್ದರೆ ಕೆಲಸ ಸುಲಭ, ಜೇನು, ಕ್ಯಾರಮೆಲ್ ಥರದ ಬ್ರಾಂಜರ್‌ಗಳು ಒಪ್ಪುತ್ತವೆ. ನ್ಯೂಟ್ರಲ್ ಆಗಿದ್ದರೆ ಅತಿ ಹಳದಿ, ಅತಿ ಕೆಂಪು ಬಿಟ್ಟು ಏನು ಬೇಕಾದರೂ ನೋಡಬಹುದು. ಗುಲಾಬಿ ಕಡೆಯ ಕೂಲ್ ಚರ್ಮಕ್ಕೆ ಸ್ವಲ್ಪ ಗುಲಾಬಿ ಬೆರೆತ ಕಂದು ಬೇಕು. ಕೂಲ್ ಅಂತ ಕೇಳಿದ ಕೂಡಲೇ ಕೆಲವರು ಕಾಂಟೂರ್ ಪೌಡರ್ ಕೈಗಿಡುತ್ತಾರೆ, ಅದು ಬೇಡ. ಕಾಂಟೂರ್ ನೆರಳಿನ ಬಣ್ಣ, ಕೆನ್ನೆ ಮೂಳೆ ಕೆಳಗೆ ಹಾಕುವಂಥದ್ದು. ಬ್ರಾಂಜರ್ ಬಿಸಿಲಿನ ಬಣ್ಣ, ಅದರಲ್ಲಿ ಸ್ವಲ್ಪವಾದರೂ ಕಾವು ಇರಲೇಬೇಕು.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರುವುದು ಆಲಿವ್ ಮೇಲೆ, ಅಂದರೆ ಹಾಳೆಯ ಪಕ್ಕ ಬೂದು ಹಸಿರಾಗಿ ಕಾಣುವ ಚರ್ಮ. ಗೋಧಿ ಬಣ್ಣ, ಎಣ್ಣೆಗೆಂಪು ಅನ್ನುವ ಎಷ್ಟೋ ಮುಖಗಳಲ್ಲಿ ಹಳದಿಯ ಕೆಳಗೆ ಒಂದು ಹಸಿರು ಛಾಯೆ ಇರುತ್ತದೆ. ಇವರು ತಮ್ಮನ್ನು ವಾರ್ಮ್ ಅಂದುಕೊಂಡು ಬಂಗಾರದ ಬ್ರಾಂಜರ್ ತರುತ್ತಾರೆ, ಹಚ್ಚಿದ ಕೂಡಲೇ ಕಿತ್ತಳೆ. ಕಾರಣ, ಹಸಿರಿನ ಪಕ್ಕ ಕೆಂಪು ಇಟ್ಟರೆ ಕೆಂಪು ಇನ್ನೂ ಕೂಗುತ್ತದೆ. ಬೇರೆಯವರ ಮುಖದಲ್ಲಿ ಚೆಂದ ಕಂಡ ಡಬ್ಬಿಯೇ ನಿಮ್ಮ ಮುಖದಲ್ಲಿ ಹಾಗೆ ಕಾಣುವುದು ಇದಕ್ಕೇ. ಇದಕ್ಕೆ ಕೆಂಪು ಕಮ್ಮಿ ಇರುವ, ಹೊಳಪಿಲ್ಲದ, ಡಬ್ಬಿಯಲ್ಲಿ ನೋಡಿದರೆ ಮಂಕಾಗಿ ಕಾಣುವ ಕಂದು ತೆಗೆದುಕೊಳ್ಳಿ. ಅಂಗಡಿಯಲ್ಲಿ ಅದು ಕಣ್ಣಿಗೆ ಹಿಡಿಸುವುದೇ ಇಲ್ಲ, ಕೈ ತಾನಾಗಿ ಪಕ್ಕದ ಹೊಳೆಯುವ ಡಬ್ಬಿಗೆ ಹೋಗುತ್ತದೆ. ತಡೆದುಕೊಂಡು ಮಂಕಾದದ್ದನ್ನೇ ಹಚ್ಚಿ ನೋಡಿ, ಮುಖದ ಮೇಲೆ ಚರ್ಮದ ಜೊತೆ ಎಷ್ಟು ಚೆನ್ನಾಗಿ ಬೆರೆಯುತ್ತದೆ ಗೊತ್ತಾ.

ತಂಗಿಗೆ ಬೇಕಾಗಿರುವುದು ಹೆಚ್ಚುಕಮ್ಮಿ ಇದರ ಉಲ್ಟಾ. ಗಾಢ ಬಣ್ಣಕ್ಕೆ ಕೆಂಪು ಬೇಕು. ಇಟ್ಟಿಗೆ ಬಣ್ಣ, ಹುಣಸೆ ಹಣ್ಣಿನ ಕಂದು, ಆ ಥರ. ಕೆಂಪು ಕಮ್ಮಿ ಇರುವ ಮಂಕು ಕಂದನ್ನು ಅವರಿಗೆ ಹಚ್ಚಿದರೆ ಮುಖ ಸೋತ ಹಾಗೆ ಕಾಣುತ್ತದೆ. ಹೊಳಪು ಬೇಕಿದ್ದರೆ ಬಂಗಾರ ಅಥವಾ ತಾಮ್ರದ ಮಿನುಗು ಇರಲಿ, ಬೆಳ್ಳಿ, ಮುತ್ತಿನ ಬಿಳುಪು ಬೇಡವೇ ಬೇಡ. ಹಾಗಾಗಿ ಇಬ್ಬರಿಗೂ ಸೇರಿ ಒಂದೇ ಡಬ್ಬಿ ಅನ್ನುವ ಆಸೆ ಬಿಡಿ. ಆದರೆ ನಿಮಗೆ ಕಿತ್ತಳೆ ಹೊಡೆಯುವ ಆ ಡಬ್ಬಿಯನ್ನು ತಂಗಿಯ ಕೆನ್ನೆಗೆ ಬ್ಲಶ್ ಹಾಗೆ ಹಚ್ಚಿ ನೋಡಿ, ಗಾಢ ಚರ್ಮದ ಮೇಲೆ ಕಿತ್ತಳೆ ಬಹಳ ಚೆನ್ನಾಗಿ ಅರಳುತ್ತದೆ.

ಇನ್ನೊಂದು ಮಾತು ತಂಗಿಗಾಗಿಯೇ. 'ಮೊದಲೇ ಬಣ್ಣ ಕಮ್ಮಿ, ಮತ್ತೆ ಕಪ್ಪು ಯಾಕೆ ಬಳಿದುಕೊಳ್ಳುತ್ತೀಯ' ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ನಾನು ಮೇಕಪ್ ಮಾಡುವಾಗ ಪಕ್ಕ ಕೂತ ಅತ್ತೆಯರ, ಚಿಕ್ಕಮ್ಮಂದಿರ ಬಾಯಲ್ಲಿ ಇದನ್ನು ಕೇಳುತ್ತಲೇ ಇರುತ್ತೇನೆ, ಪ್ರತಿ ಸಲ ಬೇಜಾರಾಗುತ್ತದೆ. ಫೌಂಡೇಶನ್ ಹಚ್ಚಿದ ಮೇಲೆ ಯಾರ ಮುಖವಾದರೂ ಒಂದೇ ಬಣ್ಣಕ್ಕೆ ಬಂದು ಚಪ್ಪಟೆಯಾಗಿ ಕಾಣುತ್ತದೆ. ಚರ್ಮದಲ್ಲಿ ಸಹಜವಾಗಿ ಇದ್ದ ಏರಿಳಿತವನ್ನು ವಾಪಸ್ ತರುವುದು ಬ್ರಾಂಜರ್. ಕಪ್ಪಗಿರುವವರಿಗೂ ಅದು ಬೇಕು. ಫೌಂಡೇಶನ್ ಎರಡು ಶೇಡ್ ಬೆಳ್ಳಗೆ ಹಚ್ಚಿ, ಕತ್ತು ಒಂದು ಬಣ್ಣ ಮುಖ ಒಂದು ಬಣ್ಣ ಮಾಡಿ, ಅದರ ಮೇಲೆ ಬ್ರಾಂಜರ್ ಹಾಕಿ ಸರಿ ಮಾಡುತ್ತೇವೆ ಅಂದರೆ ಆಗುವುದಿಲ್ಲ. ಫೌಂಡೇಶನ್ ತಂಗಿಯ ಸ್ವಂತ ಬಣ್ಣದ್ದೇ ಇರಲಿ.

ಬ್ರ್ಯಾಂಡ್ ಹೆಸರು ಕೇಳಿದ್ದೀರಿ. ಪೌಡರ್ ಬ್ರಾಂಜರ್‌ಗೆ ದೊಡ್ಡ ಹೆಸರು ತಂದದ್ದು ಫ್ರಾನ್ಸಿನ ಗೆರ್ಲೆನ್ ಕಂಪನಿಯ ಟೆರಾಕೋಟಾ, 1984ರದ್ದು. ಬೆಳ್ಳಗಿರುವವರು ರಜೆಯಲ್ಲಿ ಬಿಸಿಲು ಕಾಯಿಸಿಕೊಂಡು ಬಂದ ಹಾಗೆ ಕಾಣಲಿ ಅನ್ನುವ ಲೆಕ್ಕದಲ್ಲೇ ಈ ವಸ್ತು ಬೆಳೆದು ಬಂದಿದೆ, ಅದಕ್ಕೇ ಎಷ್ಟೋ ಕಂಪನಿಗಳ 'ಮೀಡಿಯಂ' ಅನ್ನುವುದು ನಮ್ಮ ಮುಖದಲ್ಲಿ ಕಾಣಿಸುವುದೇ ಇಲ್ಲ. ಬೆನಿಫಿಟ್‌ನ ಹೂಲಾ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಕಿತ್ತಳೆಯೂ ಕಮ್ಮಿ. ತಿಳಿ ಬಣ್ಣದ ಆಲಿವ್‌ನವರಿಗೆ ಹೊಂದುತ್ತದೆ, ಗೋಧಿ ಬಣ್ಣ ದಾಟಿದವರಿಗೆ ಅದರದ್ದೇ ಕ್ಯಾರಮೆಲ್, ಇನ್ನೂ ಗಾಢಕ್ಕೆ ಟೋಸ್ಟೆಡ್ ನೋಡಬಹುದು. ಫೆಂಟಿಯ ಸನ್ ಸ್ಟಾಕರ್‌ನಲ್ಲಿ ಗಾಢ ಶೇಡ್‌ಗಳನ್ನು ಮನಸ್ಸಿಟ್ಟು ಮಾಡಿದ್ದಾರೆ, ತಂಗಿಗೆ ಅಲ್ಲಿ ಹುಡುಕಿ. ನೀವು ಮ್ಯಾಕ್ ಫೌಂಡೇಶನ್ ಬಳಸುತ್ತಿದ್ದರೆ ಅದರ ಮೇಲಿನ ಅಕ್ಷರ ನೋಡಿ: ಎನ್‌ಸಿ ಇದ್ದರೆ ಹಳದಿ ಕಡೆಯ ಚರ್ಮ, ಎನ್‌ಡಬ್ಲ್ಯೂ ಇದ್ದರೆ ಗುಲಾಬಿ ಕಡೆ.

ಇವೆಲ್ಲ ದುಬಾರಿ ಅನಿಸಿದರೆ ನಾನು ಧೈರ್ಯವಾಗಿ ಹೇಳುವ ದಾರಿ ಒಂದಿದೆ. ನಿಮಗೆ ಈಗಾಗಲೇ ಒಪ್ಪಿರುವ ಕಾಂಪ್ಯಾಕ್ಟ್ ಪೌಡರ್ ಇದೆಯಲ್ಲ, ಅದೇ ಕಂಪನಿಯ, ಅದೇ ಅಂಡರ್‌ಟೋನ್ ಸಾಲಿನ ಎರಡು ಶೇಡ್ ಗಾಢವಾದದ್ದನ್ನು ತಂದು ಬ್ರಾಂಜರ್ ಹಾಗೆ ಬಳಸಿ. ನಮ್ಮ ದೇಶದ ಕಂಪನಿಗಳದ್ದಾದರೆ ನಮ್ಮ ಚರ್ಮ ನೋಡಿಯೇ ಮಾಡಿರುತ್ತಾರೆ, ಕಿತ್ತಳೆಯ ಕಾಟ ಕಮ್ಮಿ. ಆಲಿವ್ ಚರ್ಮದವರಿಗಂತೂ ಎಷ್ಟೋ ಸಲ ಬ್ರಾಂಜರ್ ಅಂತ ಬರೆದಿರುವ ಡಬ್ಬಿಗಿಂತ ಇದೇ ಚೆನ್ನಾಗಿ ಕೂರುತ್ತದೆ.

ಪರೀಕ್ಷೆ ಮಾಡುವಾಗ ಅಂಗೈ ಹಿಂಭಾಗದಲ್ಲಿ ಎಳೆದು ನೋಡಬೇಡಿ, ದವಡೆ ಹತ್ತಿರ ಕೆನ್ನೆಗೆ ಹಚ್ಚಿ. ಅಂಗಡಿ ಲೈಟು ಒಂದೋ ಹಳದಿ, ಇಲ್ಲ ನೀಲಿ ಬಿಳುಪು, ಎರಡೂ ಸುಳ್ಳು ಹೇಳುತ್ತವೆ. ಹಚ್ಚಿಕೊಂಡು ಹೊರಗೆ ಬಂದು ಹಗಲು ಬೆಳಕಲ್ಲಿ ನೋಡಿ. ಒಂದರ್ಧ ಗಂಟೆ ಸುಮ್ನೆ ಓಡಾಡಿಕೊಂಡು ಬಂದು ಮತ್ತೆ ನೋಡಿದರೆ ಇನ್ನೂ ಒಳ್ಳೆಯದು, ಮುಖದ ಎಣ್ಣೆ ಸೇರಿದ ಮೇಲೆ ಬಣ್ಣ ಸ್ವಲ್ಪ ಗಾಢವಾಗುತ್ತದೆ.

ಹಚ್ಚುವ ಜಾಗದ ಬಗ್ಗೆ ವಿಡಿಯೋಗಳಲ್ಲಿ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ದವಡೆಗೆ ಇಂಗ್ಲಿಷಿನ 3 ಬರೆಯಿರಿ ಅಂತ ತೋರಿಸುತ್ತಾರೆ. ನಮ್ಮಲ್ಲಿ ಬಹಳ ಜನರ ಹಣೆಯ ಅಂಚು, ಕೆನ್ನೆಯ ಪಕ್ಕ ಮೊದಲೇ ಮುಖದ ನಡುಭಾಗಕ್ಕಿಂತ ಕಪ್ಪಗಿರುತ್ತದೆ. ಅಲ್ಲಿ ಮತ್ತೆ ಬ್ರಾಂಜರ್ ಬಿದ್ದರೆ ಮುಖ ತೊಳೆಯದ ಹಾಗೆ ಕಾಣುತ್ತದೆ. ಹಣೆ ಕಪ್ಪಗಿದ್ದರೆ ಹಣೆಯನ್ನು ಬಿಟ್ಟೇಬಿಡಿ, ಕೆನ್ನೆ ಮೂಳೆಯ ಮೇಲೆ, ಮೂಗಿನ ಮೇಲೆ ಒಂಚೂರು ಸಾಕು. ಕೆನ್ನೆಯಲ್ಲಿ ಬಂಗು ಇದ್ದರೆ ಅದರ ಮೇಲೆ ಹಾಕಬೇಡಿ, ಬಂಗು ಇನ್ನೂ ದಪ್ಪ ಕಾಣುತ್ತದೆ. ಸ್ವಲ್ಪ ಮೇಲೆ, ಕಿವಿ ಕಡೆಗೆ ಒಯ್ಯಿರಿ.

ಸನ್‌ಸ್ಕ್ರೀನ್ ಹಚ್ಚಿದ ಕೂಡಲೇ ಪೌಡರ್ ಹಾಕಿದರೆ ಅಲ್ಲಲ್ಲೇ ಹಿಡಿದುಕೊಂಡು ಮಚ್ಚೆ ಮಚ್ಚೆಯಾಗುತ್ತದೆ. ಅದು ಪೂರ್ತಿ ಕೂರಲಿ, ಅಂಟು ಇದ್ದರೆ ಬಣ್ಣವಿಲ್ಲದ ಪೌಡರ್ ಒಂದು ತೆಳು ಪದರ ಹಾಕಿ, ಆಮೇಲೆ ಬ್ರಾಂಜರ್. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಇದು ಇನ್ನೂ ಮುಖ್ಯ. ದೊಡ್ಡ, ಮೆತ್ತನೆ ಬ್ರಶ್ ತೆಗೆದುಕೊಂಡು ಅದ್ದಿ, ಡಬ್ಬಿ ಅಂಚಿಗೆ ತಟ್ಟಿ ಉದುರಿಸಿ, ಉಳಿದಷ್ಟನ್ನೇ ಹಚ್ಚಿ. ಒಂದೇ ಸಲಕ್ಕೆ ಬೇಡ, ಸಾಲದಿದ್ದರೆ ಇನ್ನೊಂದು ಸಲ. ದಿನ ಕಳೆದ ಹಾಗೆ ಪೌಡರ್ ಮೇಲೆ ಗಟ್ಟಿ ಹೊಳಪಿನ ಪೊರೆ ಕಟ್ಟಿ ಬ್ರಶ್‌ಗೆ ಬಣ್ಣ ಹತ್ತುವುದು ನಿಂತರೆ ಡಬ್ಬಿ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಬ್ರಶ್‌ನಿಂದ ಬಂದ ಮುಖದ ಎಣ್ಣೆ. ಸೆಲ್ಲೋ ಟೇಪ್ ತುಂಡನ್ನು ಮೆಲ್ಲಗೆ ಒತ್ತಿ ಎಬ್ಬಿಸಿದರೆ ಪೊರೆ ಬರುತ್ತದೆ, ಕೆಳಗಿನ ಪೌಡರ್ ಹೊಸದರಂತೆಯೇ ಇರುತ್ತದೆ.